ನೀರೊಳಗಿನ ಬೇಲಿ

ಊರು ಒಳ್ಳೆಯದಾಗಬೇಕೆಂದರೆ ನನಗೆ ಗೊತ್ತಿರುವ ಸುಲಭದ ದಾರಿ ಅದನ್ನು ಬಿಟ್ಟುಬರುವುದು. ಇರುವ ಊರಿನಲ್ಲಿ ಸೊಳ್ಳೆ ಇರುತ್ತದೆ, ಹೊತ್ತಿಗೆ ಬಾರದ ಬಸ್ಸು ಇರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ದಾಯಾದಿಗಳಿರುತ್ತಾರೆ. ಬಿಟ್ಟುಬಂದ ಊರಿನಲ್ಲಿ ಸೊಳ್ಳೆಯೂ ಇಲ್ಲ, ಬಸ್ಸಿನ ತಂಟೆಯೂ ಇಲ್ಲ. ದಾಯಾದಿಗಳು ಇದ್ದರೂ ಅಷ್ಟು ಹೊತ್ತಿಗೆ ಒಳ್ಳೆಯವರಾಗಿರುತ್ತಾರೆ. ನಾವಾಗಿ ಬಿಟ್ಟದ್ದಲ್ಲ, ಬೇರೆಯವರು ಬಿಡಿಸಿದ್ದು ಎಂದಾದರೆ ಊರಿನ ಗುಣ ಇನ್ನಷ್ಟು ಹೆಚ್ಚುತ್ತದೆ. ಅದರ ಮೇಲೆ ಆಳೆತ್ತರದ ಎಷ್ಟೋ ಪಟ್ಟು ನೀರು ನಿಂತುಬಿಟ್ಟರಂತೂ ಮುಗಿಯಿತು. ಅಂಥ ಊರಿನಲ್ಲಿ ದೋಷ ಹುಡುಕಲು ಮುಳುಗುಗಾರರೇ ಬರಬೇಕು.

ಇದನ್ನು ಇಷ್ಟು ಧೈರ್ಯವಾಗಿ ಹೇಳುವ ಅಧಿಕಾರ ನನಗಿದೆ. ನಾವು ಮುಳುಗಡೆಯವರು. ಶಿವಮೊಗ್ಗ ಜಿಲ್ಲೆಯಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಂಟಸ್ತನಕ್ಕೆ ಬಂದವರು ಕುಲಗೋತ್ರ ವಿಚಾರಿಸಿಯಾದ ಮೇಲೆ "ಮೂಲ ಯಾವೂರು?" ಎನ್ನುತ್ತಾರೆ. "ಮುಳುಗಡೆಯವರು" ಎಂದರೆ "ಓಹೋ" ಎಂದು ತಲೆಯಾಡಿಸುತ್ತಾರೆ. ಆ ಓಹೋದಲ್ಲಿ ಮರುಕ ಎಷ್ಟು, "ಹಾಗಾದರೆ ಹೇಳಿಕೊಳ್ಳುವಂಥ ತೋಟಗೀಟ ಇರಲಿಕ್ಕಿಲ್ಲ" ಎಂಬ ಲೆಕ್ಕ ಎಷ್ಟು ಎನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಶರಾವತಿಯನ್ನು ತಡೆದು ನಿಲ್ಲಿಸಿದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವನು ನಾನು. ಆ ಊರನ್ನು ಕಂಡವನಲ್ಲ. ಆದರೂ ನಮ್ಮ ಹಳೆಯ ಮನೆಯ ಜಗಲಿಯಿಂದ ಹೊಳೆಗೆ ಇಳಿಯುವಾಗ ಯಾವ ತಿರುವಿನಲ್ಲಿ ಕಾಲು ಜಾರುತ್ತದೆ ಎಂದು ಹೇಳಬಲ್ಲೆ. ದೊಡ್ಡಪ್ಪ ಹೇಳಿ ಹೇಳಿ ನಾನೇ ಅಲ್ಲಿ ನಾಲ್ಕಾರು ಸಲ ಬಿದ್ದು ಮೊಣಕಾಲು ತರಚಿಕೊಂಡವನ ಹಾಗೆ ಆಗಿದ್ದೇನೆ.

ಶರಾವತಿಯ ಕಥೆಯಲ್ಲಿ ದೊಡ್ಡಪ್ಪನಿಗೆ ಬಹಳ ಸಂತೋಷ ಕೊಡುವ ಭಾಗ ಒಂದಿದೆ. ಲಿಂಗನಮಕ್ಕಿಗಿಂತ ಮೊದಲೇ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಇತ್ತು. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ್ದು. 1948ರ ಹೊತ್ತಿಗೆ ಮುಗಿದಿತ್ತು. ಅದೂ ತನ್ನ ಪಾಲಿನ ಊರುಗಳನ್ನು ನುಂಗಿತ್ತು. ಹದಿನಾರೇ ವರ್ಷ. ಲಿಂಗನಮಕ್ಕಿಯ ನೀರು ಏರಿದಾಗ ಮಡೆನೂರಿನ ಅಣೆಕಟ್ಟೂ ಸೈಫನ್ನುಗಳ ಸಮೇತ ಒಳಗೆ ಹೋಯಿತು. ಈಗ ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ, ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. "ಮುಳುಗಿಸಿದ್ದಕ್ಕೂ ಮುಳುಗುವುದು ಎಂತ ಅಂತ ಗೊತ್ತಾಯ್ತಲ್ಲ ಮಾರಾಯ" ಎಂದು ದೊಡ್ಡಪ್ಪ ನಗುತ್ತಾನೆ. ಅತ್ತೆಯ ಗಂಡನ ಮನೆಯವರಿಗೆ ಮಾತ್ರ ಈ ನಗು ಹಿಡಿಸುವುದಿಲ್ಲ. ಮೊದಲನೆಯ ಸಲ ನೀರು ಬಂದಾಗ ಗುಡ್ಡದ ಮೇಲೆ ಸರಿದು ಹೊಸದಾಗಿ ತೋಟ ಎಬ್ಬಿಸಿದವರು ಅವರು. ಸಸಿ ಫಸಲಿಗೆ ಬಂದು ನಾಲ್ಕು ಕೊನೆ ಇಳಿಸುವಷ್ಟರಲ್ಲಿ ಎರಡನೆಯ ನೋಟಿಸು ಬಂತು. ಅವರು ಯಾವ ಊರಿಗೆ ಅಳಬೇಕು?

ಹೊರಟಾಗ ಜನ ಏನೇನು ಹೊತ್ತು ತಂದರು ಎಂಬ ಪಟ್ಟಿಯೇ ಒಂದು ಪುರಾಣವಾದೀತು. ನಮ್ಮ ಅಜ್ಜ ಹೆಬ್ಬಾಗಿಲು ತಂದ. ಹಲಸಿನ ಮರದ್ದು, ದಾರಂದದ ಮೇಲೆ ಬಳ್ಳಿ ಕೆತ್ತಿದ್ದು, ಇಬ್ಬರು ಎತ್ತಿದರೆ ಏಳದಂಥದ್ದು. ಲಾರಿಯವನು ಪಾತ್ರೆ ಪಗಡ ಬೇಕೋ ಬಾಗಿಲು ಬೇಕೋ ಎಂದಾಗ ಅಜ್ಜ ಬಾಗಿಲು ಎಂದನಂತೆ. ಶಿವಮೊಗ್ಗದ ಆಚೆಯ ಕಾಡಂಚಿನಲ್ಲಿ ನಮಗೆ ತೋರಿಸಿದ ಜಾಗದಲ್ಲಿ ಮೊದಲು ಎದ್ದದ್ದು ಅಡಕೆ ದಬ್ಬೆಯ ಗೋಡೆ, ಸೋಗೆಯ ಮಾಡು. ಅದಕ್ಕೆ ಈ ಬಾಗಿಲು! ಗೋಡೆ ಭಾರ ತಡೆಯದೆ ಎರಡು ಕಡೆ ಊರುಗಂಬ ಕೊಡಬೇಕಾಯಿತು. ಒದ್ದರೆ ಬೀಳುವ ಗೋಡೆಯ ನಡುವೆ ಆನೆ ದೂಡಿದರೂ ಜಗ್ಗದ ಬಾಗಿಲು. ಅದಕ್ಕೆ ರಾತ್ರಿ ಅಗುಳಿ ಬೇರೆ. ದನ ಕರುಗಳು ಬಾಗಿಲ ತಂಟೆಗೆ ಹೋಗದೆ ಪಕ್ಕದ ದಬ್ಬೆ ಸರಿಸಿಕೊಂಡು ಒಳಗೆ ಬರುತ್ತಿದ್ದವಂತೆ. ಮನೆಯನ್ನು ಆಮೇಲೆ ಮೂರು ಸಲ ಕಟ್ಟಿದರು, ಪ್ರತಿ ಸಲವೂ ಆ ಬಾಗಿಲಿನ ಅಳತೆಗೆ ಕಟ್ಟಿದರು. ಅದರ ಎತ್ತರ ಹಳೆಯ ಕಾಲದ್ದು, ಹಾಗಾಗಿ ನಾವೆಲ್ಲ ಈಗಲೂ ತಲೆ ತಗ್ಗಿಸಿ ಒಳಗೆ ಹೋಗುತ್ತೇವೆ. ಮರೆತ ಅಳಿಯಂದಿರು ಹಣೆ ಹೊಡೆಸಿಕೊಳ್ಳುತ್ತಾರೆ.

ಬಾಗಿಲು ತರಬಹುದು, ಮಳೆ ತರುವುದು ಹೇಗೆ? ಹೊಸ ಊರಿಗೆ ಬಂದ ಮೊದಲ ಆಷಾಢದಿಂದ ದೊಡ್ಡಪ್ಪನ ತಕರಾರು ಅದೇ. "ಇದೂ ಒಂದು ಮಳೆಯಾ?" ಅವನ ಊರಿನಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುತ್ತಿರಲಿಲ್ಲ, ಒಗೆದ ಬಟ್ಟೆ ಒಲೆಯ ಮೇಲಿನ ಗಳುವಿನಲ್ಲೇ ಒಣಗಬೇಕಿತ್ತು, ಕಂಬಳಿಕೊಪ್ಪೆ ಇಲ್ಲದೆ ಕೊಟ್ಟಿಗೆಗೂ ಹೋಗುವಂತಿರಲಿಲ್ಲ. ಇವೆಲ್ಲ ಸುಖದ ಸಂಗತಿಗಳೆಂದು ನಂಬಿ ನಾನು ಬೆಳೆದೆ. ಅಜ್ಜಿಯನ್ನು ಕೇಳಿದಾಗಲೇ ಬೇರೆ ಊರೊಂದು ಇದೆಯೆಂದು ಗೊತ್ತಾದದ್ದು. "ಎಂತ ಚಂದ? ಉಂಬಳ ಕಾಲಿಗೆ ಹತ್ತಿ ರಕ್ತ ಇಳೀತಿತ್ತು. ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಹೋಯ್ತು. ನಿನ್ನ ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದ, ಅವನಿಗೆ ಮಳೆ ಚಂದವೇ." ಅಜ್ಜಿ ಬದುಕಿರುವ ತನಕ ಆ ಊರನ್ನು ಒಂದು ದಿನವೂ ಹೊಗಳಲಿಲ್ಲ. ಆದರೆ ವರ್ಷಕ್ಕೊಮ್ಮೆ ಸಾಗರದ ಕಡೆ ನೆಂಟರ ಮನೆಗೆ ಹೋದಾಗ ಹಿನ್ನೀರಿನ ದಡಕ್ಕೆ ಹೋಗಿ ನೀರಿನೊಳಗಿನ ಚೌಡಿಗೆಂದು ತೆಂಗಿನಕಾಯಿ ಒಡೆದು ಬರುತ್ತಿದ್ದವಳು ಅವಳೊಬ್ಬಳೇ. ಚೌಡಿಯ ಕಲ್ಲನ್ನು ಹೊಸ ಊರಿಗೆ ತಂದು ಪ್ರತಿಷ್ಠೆ ಮಾಡಿ ಆಗಿತ್ತು. "ಕಲ್ಲು ಬಂದಿದೆ, ಅವಳು ಬಂದಿದಾಳಾ ಅಂತ ಯಾರಿಗೆ ಗೊತ್ತು? ಎರಡೂ ಕಡೆ ಒಂದೊಂದು ಕಾಯಿ ಹೋದರೆ ಎಂತ ನಷ್ಟ?" ಎನ್ನುವುದು ಅವಳ ವಾದ.

ನೆನಪಿಗೂ ವಯಸ್ಸಿಗೂ ನಂಟಿದೆ ಎಂದು ಮನಶ್ಶಾಸ್ತ್ರದವರು ಹೇಳುತ್ತಾರೆ. ಮುದಿತನದಲ್ಲಿ ತಿರುಗಿ ನೋಡಿದರೆ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಸುಮಾರು ಹತ್ತರಿಂದ ಮೂವತ್ತರವರೆಗಿನ ಕಾಲವಂತೆ. ಊರು ಬಿಟ್ಟಾಗ ದೊಡ್ಡಪ್ಪನಿಗೆ ಹದಿನೆಂಟು, ಚಿಕ್ಕಪ್ಪನಿಗೆ ಏಳು. ಒಂದೇ ಮನೆಯಿಂದ ಒಂದೇ ಲಾರಿಯಲ್ಲಿ ಬಂದವರು. ತಂದ ಊರುಗಳು ಮಾತ್ರ ಬೇರೆ ಬೇರೆ. ದೊಡ್ಡಪ್ಪನ ಊರಿನಲ್ಲಿ ಯಕ್ಷಗಾನ ಇತ್ತು, ಮೀನು ಹತ್ತುವ ಹೊಳೆ ಇತ್ತು, ಆಚೆ ದಡದ ಕೇರಿಯಲ್ಲಿ ನೀರಿಗೆ ಬರುವ ಹುಡುಗಿಯರಿದ್ದರು. ಚಿಕ್ಕಪ್ಪನ ಊರಿನಲ್ಲಿ ಬರೀ ದೆವ್ವಗಳು. ಬಚ್ಚಲಿನ ಹಿಂದೆ ಒಂದು, ಹುಣಿಸೆ ಮರದಲ್ಲಿ ಒಂದು, ಶಾಲೆಯ ದಾರಿಯಲ್ಲಿ ಎರಡು. ದೊಡ್ಡಪ್ಪ ಅರವತ್ತು ವರ್ಷದಿಂದ ಹಂಬಲಿಸುತ್ತಿರುವುದು ಊರಿಗೋ, ತನ್ನ ಹದಿನೆಂಟಕ್ಕೋ ಎಂಬ ಗುಮಾನಿ ನನಗೆ ಇದ್ದೇ ಇದೆ. ದೊಡ್ಡಮ್ಮನ ಎದುರು ಅದನ್ನು ಆಡಿ ತೋರಿಸುವ ಧೈರ್ಯ ಇಲ್ಲ.

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಊರಿನ ಹಂಬಲವನ್ನು ಒಂದು ಕಾಯಿಲೆಯೆಂದೇ ತೀರ್ಮಾನಿಸಿ ಪ್ರಬಂಧ ಬರೆದ. ಮನೆ ಬಿಟ್ಟು ದೂರ ಹೋದವರು ಊಟ ಬಿಟ್ಟು, ನಿದ್ದೆಗೆಟ್ಟು, ಸೊರಗಿ ಮಲಗುವುದನ್ನು ಅವನು ದಾಖಲಿಸಿದ್ದ. ಗುಣವಾಗಬೇಕಾದರೆ ರೋಗಿಯನ್ನು ಊರಿಗೆ ಕಳಿಸಿ ಎಂಬುದು ಅವನ ಸಲಹೆ. ಮದ್ದು ಸರಿಯಾದದ್ದೇ. ಲಿಂಗನಮಕ್ಕಿಯ ರೋಗಿಗಳಿಗೆ ಮಾತ್ರ ಅದನ್ನು ಕೊಡಬೇಕಾದರೆ ಈಜು ಕಲಿಸಿ ಕಳಿಸಬೇಕಾಗುತ್ತಿತ್ತು.

ಅಷ್ಟಾದರೂ ಒಂದು ಬೇಸಿಗೆಯಲ್ಲಿ ನಮ್ಮ ಮನೆಯವರಿಗೆ ಆ ಮದ್ದು ಸಿಕ್ಕಿತು. ಮಳೆ ಕೈಕೊಟ್ಟ ವರ್ಷ. ಹಿನ್ನೀರು ಇಳಿದು ಇಳಿದು, ನಮ್ಮ ಊರಿನ ಜಾಗವೂ ತೆರೆದುಕೊಂಡಿದೆ ಎಂದು ಸುದ್ದಿ ಬಂತು. ದೊಡ್ಡಪ್ಪ, ಚಿಕ್ಕಪ್ಪ, ನಾನು ಜೀಪು ಮಾಡಿಕೊಂಡು ಹೋದೆವು. ನೋಡಲು ಏನೂ ಇರಲಿಲ್ಲ, ಹಾಗೆಂದು ಖಾಲಿಯೂ ಆಗಿರಲಿಲ್ಲ. ಬಿರುಕುಬಿಟ್ಟ ಕೆಸರು, ನೀರಿನಲ್ಲಿ ನೆನೆದೂ ಕೊಳೆಯದೆ ಕಪ್ಪಾಗಿ ನಿಂತ ಮರದ ಬೊಡ್ಡೆಗಳು, ಅಲ್ಲಲ್ಲಿ ಹೆಂಚಿನ ಚೂರು, ತೋಟದ ಬಸಿಗಾಲುವೆ ಇದ್ದಿರಬಹುದಾದ ಗೀರು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿದ. "ಇದು ಅಂಗಳ. ಇಲ್ಲಿ ತುಳಸಿ. ಹೀಗೆ ಬಂದರೆ ಬಚ್ಚಲು" ಎಂದು ಹೆಜ್ಜೆ ಹಾಕುತ್ತ ನಡೆದ. ಚಿಕ್ಕಪ್ಪ ನಿಂತಲ್ಲಿಂದಲೇ, "ಬಚ್ಚಲು ಆ ಕಡೆ ಅಲ್ಲ ಅಣ್ಣ, ಈ ಕಡೆ. ದೆವ್ವ ಇದ್ದದ್ದು ಬಲಕ್ಕೆ" ಎಂದ. ಅಲ್ಲಿಂದ ಶುರುವಾಯಿತು. ಬಚ್ಚಲಿನಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಬಾವಿ, ಬಾವಿಯಿಂದ ತೋಟದ ಬೇಲಿ. ಬೇಲಿಯ ಹತ್ತಿರ ಬಂದಾಗ ದನಿ ಏರಿತು. ಹೊರಡುವ ಮೊದಲು ಅಜ್ಜ ಬಾಯಿಮಾತಿನಲ್ಲಿ ಪಾಲು ಹೇಳಿದ್ದನಂತೆ. ಬೇಲಿಯ ಪಕ್ಕದ ಹಲಸಿನ ಮರ ಯಾರ ಕಡೆಗೆ ಎಂಬುದು ಇತ್ಯರ್ಥವಾಗಿರಲಿಲ್ಲ. "ಆ ಮರ ನನ್ನ ಪಾಲಿಗೆ ಅಂತ ಅಪ್ಪಯ್ಯ ನನ್ನ ಎದುರೇ ಹೇಳಿದ್ದ" ಎಂದ ದೊಡ್ಡಪ್ಪ. "ಆಗ ನಾನು ಏಳು ವರ್ಷದವ, ಕೇಳಿಸಿಕೊಳ್ಳಲಿಕ್ಕೆ ಆಗಲಿಲ್ಲ ಅಂತ ಈಗ ಹೀಗೆ ಹೇಳಬೇಡ" ಎಂದ ಚಿಕ್ಕಪ್ಪ. ಮರ ಇಲ್ಲ, ಬೇಲಿ ಇಲ್ಲ, ನೆಲದ ಪರಿಹಾರದ ದುಡ್ಡು ಯಾವತ್ತೋ ಮದುವೆ ಮುಂಜಿಗೆ ಕರಗಿ ಹೋಗಿದೆ. ಇಬ್ಬರು ಮುದುಕರು ಜಲಾಶಯದ ತಳದಲ್ಲಿ ನಿಂತು ಗಡಿ ತಕರಾರು ಮಾಡುತ್ತಿದ್ದರು. ಜೀಪಿನ ಹುಡುಗ ಬಂದು, "ಸರ್ವೆಯವರಾ ಸಾರ್?" ಎಂದು ನನ್ನನ್ನು ಮೆಲ್ಲಗೆ ಕೇಳಿದ. ವಾಪಸು ಬರುವಾಗ ಸಾಗರದವರೆಗೂ ಅಣ್ಣ ತಮ್ಮ ಮಾತಾಡಲಿಲ್ಲ. ಜೂನ್ ಜುಲೈಯಲ್ಲಿ ಮಳೆ ಹಿಡಿದು ನೀರು ಜಲಾಶಯದ ಪೂರ್ಣಮಟ್ಟವಾದ 1819 ಅಡಿಯ ಕಡೆ ಏರತೊಡಗಿದ ಮೇಲೆಯೇ, ಕೋರ್ಟಿನಿಂದ ತಡೆಯಾಜ್ಞೆ ಬಂದ ಹಾಗೆ, ಮನೆಯಲ್ಲಿ ಜಗಳ ನಿಂತದ್ದು.

ನನಗೆ ಅಂದು ಒಂದು ಸಮಾಧಾನವಾಯಿತು ಎಂದರೆ ತಪ್ಪು ತಿಳಿಯಬಾರದು. ಆ ಊರೂ ಎಲ್ಲ ಊರುಗಳ ಹಾಗೆ ಜಗಳದ ಊರೇ ಆಗಿತ್ತು ಎಂದು ಮೊದಲ ಸಲ ಗೊತ್ತಾಯಿತು. ಅಲ್ಲಿಯವರೆಗೆ ಅದು ಬರೀ ಹಾಡುವ ಊರಾಗಿತ್ತು.

ಅಪ್ಪೆಮಿಡಿಯ ವಿಷಯಕ್ಕೆ ಬರದೆ ಶರಾವತಿ ಕಣಿವೆಯ ಮಾತು ಮುಗಿಸಿದರೆ ಅಜ್ಜಿ ಇದ್ದಿದ್ದರೆ ಸಿಟ್ಟಾಗುತ್ತಿದ್ದಳು. ಉಪ್ಪಿನಕಾಯಿಗೆ ಹೇಳಿಮಾಡಿಸಿದ ಈ ಕಾಡುಮಾವು ಹೆಚ್ಚಾಗಿ ಹೊಳೆ ಹಳ್ಳಗಳ ದಂಡೆಯಲ್ಲೇ ಬೆಳೆಯುವುದು. ಹಾಗಾಗಿ ನೀರು ಏರಿದಾಗ ಮೊದಲು ಹೋದದ್ದೂ ಅದೇ. ಒಂದೊಂದು ಮರಕ್ಕೂ ಒಂದೊಂದು ಪರಿಮಳ. ಬಲ್ಲವರು ತೊಟ್ಟು ಮುರಿದು, ಚಿಮ್ಮಿದ ಸೊನೆ ಬೆರಳಿಗೆ ಹಚ್ಚಿ ಮೂಸಿ, ಇದು ಜೀರಿಗೆ, ಇದು ಕರ್ಪೂರ ಎನ್ನುತ್ತಾರೆ. ಅಜ್ಜ ಹೊಳೆದಂಡೆಯ ಮರದ ಗೊರಟು ತಂದು ಹೊಸ ಜಾಗದಲ್ಲಿ ಹಾಕಿದ. ಮರವೇನೋ ಬಂತು, ಕಾಯಿಯೂ ಬಿಟ್ಟಿತು, ಸೊನೆ ಮಾತ್ರ ನೀರಿನ ಹಾಗೆ ಸಪ್ಪೆ. ಗೊರಟಿನಿಂದ ಎದ್ದ ಗಿಡಕ್ಕೆ ತಾಯಿಮರದ ಗುಣವೇ ಬರುತ್ತದೆಂದು ನಂಬುವಂತಿಲ್ಲ, ಕಸಿಯೇ ಕಟ್ಟಬೇಕು. ಪುಣ್ಯಕ್ಕೆ ಗುಡ್ಡದ ಮೇಲಿನ ನೆಂಟರೊಬ್ಬರು ಮುಳುಗುವ ಮೊದಲೇ ಅದೇ ಮರದ ಕುಡಿ ಕೊಯ್ದು ಕಸಿ ಕಟ್ಟಿಕೊಂಡಿದ್ದರು. ಅವರಲ್ಲಿಂದ ಕುಡಿ ತಂದು ನಮ್ಮಲ್ಲಿ ಕಟ್ಟಿದೆವು. ಕಾಯಿ ಬಂದ ವರ್ಷ ಮಿಡಿ ಆರಿಸಿ, ಉಪ್ಪಿನಲ್ಲಿ ಹಾಕಿ, ಭರಣಿ ಕಟ್ಟಿ, ತಿಂಗಳುಗಟ್ಟಲೆ ಕಾದು, ದೊಡ್ಡಪ್ಪನ ಎಲೆಗೆ ಬಡಿಸಿದರು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಮಿಡಿ ಕಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದು, "ಹತ್ತಿರ ಬಂತು" ಎಂದ. ಮರ ಅದೇ ದೊಡ್ಡಪ್ಪ, ಅದೇ ಮರದ ಕುಡಿ ಎಂದೆ. "ಮರ ಅದೇ. ನೀರು ಬೇರೆ ಅಲ್ಲವಾ ಮಾರಾಯ" ಎಂದ. ಇಂಥವರಿಗೆ ಪುನರ್ವಸತಿ ಮಾಡುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ಊರು ಬಿಟ್ಟವರ ಪಾಡು ಹೀಗೆ. ಬಿಡದೆ ಉಳಿದವರದು ಇನ್ನೊಂದು ಕಥೆ. ನೀರು ಬಂದಾಗ ತುಮರಿ, ಸಿಗಂದೂರಿನ ಕಡೆಯ ಕರೂರು ಬಾರಂಗಿ ಸೀಮೆಯವರು ಅಲ್ಲೇ ಉಳಿದರು, ಅವರ ದಾರಿ ಹೋಯಿತು. ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಬರಬೇಕೆಂದರೆ ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಲಾಂಚ್ ಹತ್ತಬೇಕಿತ್ತು. ಬಸ್ಸು, ಜೀಪು, ಬೈಕು, ದನ, ದಿಬ್ಬಣ, ಎಲ್ಲ ಅದರ ಮೇಲೆ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ದಡದಲ್ಲೇ. ಬಸುರಿ ಹೆಂಗಸರನ್ನು, ಹಾವು ಕಚ್ಚಿದವರನ್ನು ಇಟ್ಟುಕೊಂಡು ಅವರು ಆ ದಡದಲ್ಲಿ ಪಟ್ಟ ಪಾಡು ತಮಾಷೆಯದಲ್ಲ. ಶರಾವತಿ ಯೋಜನೆಯಲ್ಲೇ ಸರ್ಕಾರಿ ನೌಕರಿ ಮಾಡಿ ಇದನ್ನೆಲ್ಲ ಹತ್ತಿರದಿಂದ ಕಂಡ ನಾ. ಡಿಸೋಜರು 'ದ್ವೀಪ', 'ಮುಳುಗಡೆ' ಕಾದಂಬರಿಗಳನ್ನು ಬರೆದರು; 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ತುಮರಿ ಕಡೆಯ ನಮ್ಮ ಭಾವ ಮಾತ್ರ ಕಾದಂಬರಿ ಓದಿದವನಲ್ಲ, ಜೀವಮಾನವಿಡೀ ಲಾಂಚನ್ನು ಬೈದುಕೊಂಡು ಬಂದವನು. ಬೈಗುಳದಲ್ಲಿ ಅವನು ಮಾಡಿದ ಸಾಹಿತ್ಯ ಸೇವೆಯೂ ಸಣ್ಣದಲ್ಲ.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಕೇಬಲ್ಲುಗಳ ಮೇಲೆ ತೂಗುವ, ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಸೇತುವೆ. ಕಾಯುವ ಕೆಲಸವೇ ಇಲ್ಲ, ಕೆಲವೇ ನಿಮಿಷದಲ್ಲಿ ಆಚೆ ದಡ. ಭಾವನಿಗೆ ಫೋನು ಮಾಡಿ ಅಭಿನಂದನೆ ಹೇಳಿದೆ. ಬಹಳ ಖುಷಿಯಲ್ಲಿದ್ದ. ಮಳೆಗಾಲ ಮುಗಿದ ಮೇಲೆ ಮತ್ತೆ ಮಾತಾಡಿದಾಗ ಭಾವನ ರಾಗ ಬದಲಾಗಿತ್ತು. "ಸೇತುವೆ ಒಳ್ಳೆಯದೇ ಬಿಡು. ಆದರೆ ಲಾಂಚಿನ ಮೇಲೆ ನಿಂತರೆ ಊರಿನವರೆಲ್ಲ ಸಿಗುತ್ತಿದ್ದರು. ಯಾರ ಮನೆಯಲ್ಲಿ ಎಂತ ಅಂತ ಗೊತ್ತಾಗುತ್ತಿತ್ತು. ಈಗ ಎಲ್ಲರೂ ಗಾಜು ಏರಿಸಿಕೊಂಡು ಸುಂಯ್ ಅಂತ ಹೋಗುತ್ತಾರೆ." ಅರವತ್ತು ವರ್ಷದ ಶಾಪ ಒಂದೇ ಮಳೆಗಾಲದಲ್ಲಿ ಸವಿನೆನಪಾಗಿತ್ತು. ಅವನು ಮನೆ ಬಿಟ್ಟು ಒಂದು ಮಾರು ಆಚೆ ಹೋದವನಲ್ಲ, ಊರೇ ಅವನನ್ನು ಬಿಟ್ಟು ಮುಂದೆ ಹೋಯಿತು.

ಬೇರೆ ಕಡೆಯವರೂ ಇದನ್ನೆಲ್ಲ ಅನುಭವಿಸಿದ್ದಾರೆ. ಕೃಷ್ಣರಾಜಸಾಗರದ ನೀರಿಗೆ ಹೋದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಹೊಯ್ಸಳರ ಕಾಲದ ಗುಡಿಯನ್ನು ಎಷ್ಟೋ ದಶಕಗಳ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ನಿಲ್ಲಿಸಿದರು. ಈಗ ಅಲ್ಲಿ ಭಾನುವಾರ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಆಲಮಟ್ಟಿಯ ಹಿನ್ನೀರಿನಿಂದ ಎದ್ದು ಬಂದ ಬಾಗಲಕೋಟೆಯವರಿಗೆ ನವನಗರ ಸಿಕ್ಕಿತು. ಅಗಲ ರಸ್ತೆ, ಸಾಲುಮರ, ವಿಳಾಸಕ್ಕೆ ಸೆಕ್ಟರ್ ನಂಬರು. ಅಲ್ಲಿಯ ಹಿರಿಯರೊಬ್ಬರು ನನಗೆ ಹೇಳಿದ್ದು: "ರಸ್ತಾ ಛಲೋ ಅದಾವ್ರಿ. ಆದ್ರ ಕಟ್ಟೀ ಮ್ಯಾಲೆ ಕುಂತು ಹೋಗೋ ಬರೋರ್ನ ಮಾತಾಡ್ಸಾಕ ನಮ್ಮ ಓಣಿ ಸಣ್ಣದಿದ್ದದ್ದೇ ಬೇಷಿತ್ರಿ." ಇಂಜಿನಿಯರುಗಳು ಓಣಿಯನ್ನು ಅಗಲ ಮಾಡಬಲ್ಲರು. ಬೇಕಾದಷ್ಟೇ ಇಕ್ಕಟ್ಟು ಮಾಡಿಕೊಡುವ ವಿದ್ಯೆ ಅವರಿಗಿನ್ನೂ ಸಿದ್ಧಿಸಿಲ್ಲ.

ನಾನು ಈಗ ಬೆಂಗಳೂರಿನಲ್ಲಿದ್ದೇನೆ. ಇಲ್ಲಿಯದು ಉಲ್ಟಾ ವ್ಯವಹಾರ. ಅಲ್ಲಿ ಊರಿನ ಮೇಲೆ ನೀರು ತಂದರು, ಇಲ್ಲಿ ನೀರಿನ ಮೇಲೆ ಊರು ತಂದಿದ್ದಾರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ನಮ್ಮ ಬಡಾವಣೆಯೂ ಹಿಂದೆ ಯಾವುದೋ ಕೆರೆಯ ಹೊಟ್ಟೆ. ಜೋರು ಮಳೆ ಬಂದರೆ ಕೆರೆಗೆ ಹಳೆಯದು ನೆನಪಾಗಿ ಗೇಟಿನವರೆಗೂ ಬರುತ್ತದೆ. ಶರಾವತಿ ವಿದ್ಯುದಾಗಾರದ 1035 ಮೆಗಾವಾಟಿನಲ್ಲಿ ನಮ್ಮ ಮನೆಯ ಫ್ಯಾನಿಗೆ ಎಷ್ಟು ಬರುತ್ತದೋ ಗೊತ್ತಿಲ್ಲ. ಬಂದಷ್ಟಕ್ಕೆ ಬಾಡಿಗೆ ಕೊಡಲು ನಮ್ಮಜ್ಜನ ತೋಟ ಅಲ್ಲಿದೆ. ನನ್ನ ಮಗನಿಗೆ ಇವು ಯಾವುವೂ ಬೇಡ. ಹಿಂದಿನ ಬಾಡಿಗೆ ಮನೆಯಿಂದ ಎರಡು ಕಿಲೋಮೀಟರ್ ಆಚೆ ಬಂದದ್ದಕ್ಕೆ ಅವನು ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಅಲ್ಲಿಯ ಅಯ್ಯಂಗಾರ್ ಬೇಕರಿಯ ಪಫ್ಸು ಇಲ್ಲಿ ಸಿಗುವುದಿಲ್ಲವಂತೆ. ಇಲ್ಲಿಯೂ ಬೇಕರಿ ಇದೆಯಲ್ಲೋ ಎಂದರೆ, "ಇದೆ, ಆದ್ರೆ ಆ ಟೇಸ್ಟ್ ಇಲ್ಲ" ಎಂದ. ದೊಡ್ಡಪ್ಪನ ಮೊಮ್ಮಗನೇ ಸರಿ ಎಂದುಕೊಂಡೆ.

ಇಷ್ಟೆಲ್ಲ ನಕ್ಕರೂ ಒಂದು ವಿಷಯದಲ್ಲಿ ನಗು ಬರುವುದಿಲ್ಲ. ದೊಡ್ಡಪ್ಪ ಹೊಸ ಊರನ್ನು ಇವತ್ತಿಗೂ 'ಇಲ್ಲಿ' ಎನ್ನುತ್ತಾನೆ, 'ಊರು' ಎನ್ನುವುದಿಲ್ಲ. ನೆನಪಿನ ಗುಂಗು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಕಾರಣ ಅದಕ್ಕಿಂತ ಸಾದಾ. ಶರಾವತಿ ಸಂತ್ರಸ್ತರಿಗೆ ಕೊಟ್ಟ ಜಾಗದಲ್ಲಿ ಬಹುಪಾಲು ಅರಣ್ಯ ಇಲಾಖೆಯದು. ಅದನ್ನು ಕಾನೂನಿನ ಪ್ರಕಾರ ಬಿಡಿಸಿ ಇವರ ಹೆಸರಿಗೆ ಮಾಡಬೇಕಾದ ಕಾಗದಪತ್ರ ಆಗ ಸರಿಯಾಗಿ ಆಗಲಿಲ್ಲ. ಆರು ದಶಕ ಕಳೆದರೂ ಸಾವಿರಾರು ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಕಚೇರಿಯಿಂದ ಕೋರ್ಟಿಗೆ, ಕೋರ್ಟಿನಿಂದ ಕಚೇರಿಗೆ ಓಡಾಡುತ್ತಲೇ ಇದೆ. ಮುಳುಗಿದ ತೋಟದ ಪಹಣಿ ದೊಡ್ಡಪ್ಪನ ಹೆಸರಿನಲ್ಲಿಲ್ಲ, ಅದು ನ್ಯಾಯವೇ. ಈಗ ಉಳುತ್ತಿರುವ ನೆಲದ ಪಹಣಿಯೂ ಅವನ ಹೆಸರಿನಲ್ಲಿಲ್ಲ. ಎರಡರಲ್ಲಿ ಯಾವುದನ್ನು ನನ್ನದು ಎನ್ನಲಿ ಎಂದು ಕೇಳಿದರೆ ಮನುಷ್ಯ ಯಾವುದರಲ್ಲಿ ಬದುಕು ಹಗುರವಾಗಿತ್ತೋ ಅದನ್ನೇ ತೋರಿಸುತ್ತಾನೆ.

ಆದ್ದರಿಂದ ಈ ವಿಷಯ ಯಾರ ಮೇಜಿನ ಮೇಲಿದೆಯೋ ಅವರಲ್ಲಿ ನನ್ನದೊಂದು ಅರಿಕೆ. ದೊಡ್ಡಪ್ಪನಿಗೆ ಎಂಬತ್ತು ಹತ್ತಿರವಾಯಿತು. ಆ ಕಾಗದ ಬೇಗ ಕೊಟ್ಟುಬಿಡಿ. ತನ್ನದೇ ಊರು ಎಂದು ಆದ ಮೇಲೆ ಅವನು ಆ ಊರನ್ನೂ ಧಾರಾಳವಾಗಿ ಬೈಯಲಿ.